ಉಮಯ್ಯಾ ಮನೆತನವೂ ನಮ್ಮ ಮಸೀದಿ ಸಮಿತಿಗಳೂ

ಪ್ರತಿವರ್ಷ ಮುಹರ್ರಮ್ ಬಂತೆಂದರೆ ಚನ್ನಗಿರಿಯಿಂದ ಜಗಳೂರಿನವರೆಗೆ ಮಿಂಬರ್‌ಗಳಿಂದ ಕರ್ಬಲಾದ ಮಾತು ಕೇಳಿಬರುತ್ತದೆ. ಸುತ್ತಲಿನ ಹಳ್ಳಿಗಳಲ್ಲಿ ಪಂಜಾ ಕೂರಿಸುವವರು, ಅಲಾಯಿ ಕುಣಿಯುವವರು ಬೇರೆ. ಆ ಆಚರಣೆಗಳ ಬಗ್ಗೆ ನಮ್ಮ ಅಭಿಪ್ರಾಯವೇನೆಂಬುದು ಓದುಗರಿಗೆ ಹೊಸತಲ್ಲ. ಇಂದಿನ ವಿಷಯ ಅದಲ್ಲ. ಇಮಾಮ್ ಹುಸೈನ್(ರ)ರ ಹೆಸರು ಕೇಳಿ ಕಣ್ಣೊರೆಸಿಕೊಳ್ಳುವ, ಯಝೀದನ ಹೆಸರು ಕೇಳಿ ಹಲ್ಲು ಕಡಿಯುವ ನಮ್ಮ ಪಟ್ಟಣವಾಸಿ ಸಹೋದರರನ್ನು ನಾವು ಒಂದೇ ಒಂದು ಪ್ರಶ್ನೆ ಕೇಳಬಯಸುತ್ತೇವೆ. ಯಝೀದನು ಆ ಗದ್ದುಗೆಯ ಮೇಲೆ ಹೇಗೆ ಕುಳಿತನು? ಅವನಿಗಿದ್ದ ಅರ್ಹತೆ ಯಾವುದು? ತಂದೆಯ ಮಗನೆಂಬುದೊಂದೇ ಅಲ್ಲವೇ?

ಉಮಯ್ಯಾ ಮನೆತನವು ಸಾಮಾನ್ಯವಾದುದಲ್ಲ. ಅಬ್ದು ಮನಾಫ್‌ರ ಮಕ್ಕಳಲ್ಲಿ ಹಾಶಿಮ್‌ರ ಸಂತತಿಯಲ್ಲಿ ಪ್ರವಾದಿವರ್ಯರು(ಸ) ಜನಿಸಿದರು. ಹಾಶಿಮ್‌ರ ಸಹೋದರ ಅಬ್ದು ಶಮ್ಸ್‌ರ ಮಗನೇ ಉಮಯ್ಯಾ. ಸಿರಿಯಾದ ವ್ಯಾಪಾರ, ಮಕ್ಕಾದ ಯುದ್ಧ ನಾಯಕತ್ವ ಎಲ್ಲವೂ ಈ ಮನೆಯವರ ಕೈಯಲ್ಲಿದ್ದವು. ಉಹುದ್‌ನಲ್ಲಿ ಮುಸ್ಲಿಮರ ವಿರುದ್ಧ ಸೇನೆ ತಂದ ಅಬೂ ಸುಫ್ಯಾನ್ ಈ ಮನೆಯವರೇ. ಆದರೆ ಅಬಿಸೀನಿಯಾಕ್ಕೆ ವಲಸೆ ಹೋದ ಅವರ ಮಗಳು ಉಮ್ಮು ಹಬೀಬಾ(ರ) ಯಾವ ಮನೆಯವರು? ಮೂರನೆಯ ಖಲೀಫಾ ಉಸ್ಮಾನ್(ರ) ಯಾವ ಮನೆಯವರು? ಇದನ್ನು ಮರೆತು ಇಡೀ ವಂಶವನ್ನೇ ಶಪಿಸುವವರೊಂದಿಗೆ ನಾವಿಲ್ಲ. ರಕ್ತದಲ್ಲಿ ದೋಷವಿರಲಿಲ್ಲ. ಅಧಿಕಾರವನ್ನು ಮನೆಯ ಆಸ್ತಿಯೆಂದು ಎಣಿಸಿದಂದು ದೋಷ ಹುಟ್ಟಿತು.

ಉಮರ್(ರ) ಅವರು 644ರಲ್ಲಿ ಇರಿತಕ್ಕೊಳಗಾಗಿ ಮರಣಶಯ್ಯೆಯಲ್ಲಿದ್ದಾಗ ಆರು ಮಂದಿಯ ಸಮಿತಿಯನ್ನು ನೇಮಿಸಿದರು. ಸ್ವಂತ ಮಗ ಅಬ್ದುಲ್ಲಾ(ರ) ವಿದ್ವಾಂಸರು, ಸಜ್ಜನರು, ಎಲ್ಲರಿಗೂ ಬೇಕಾದವರು. ಆದರೂ ಅವರು ಸಲಹೆ ನೀಡಬಹುದು, ಖಲೀಫಾ ಆಗುವಂತಿಲ್ಲ ಎಂದು ತಂದೆಯೇ ವಿಧಿಸಿದರು. ಮೂವತ್ತೈದು ವರ್ಷಗಳೊಳಗೆ ಡಮಾಸ್ಕಸ್‌ನಲ್ಲಿ ಇದಕ್ಕೆ ತದ್ವಿರುದ್ಧವಾದುದು ನಡೆಯಿತು. ಅಮೀರ್ ಮುಆವಿಯಾ(ರ) ಸಹಾಬಿಗಳು, ಸಮರ್ಥ ಆಡಳಿತಗಾರರು. ಅವರ ಬಗ್ಗೆ ನಾಲಿಗೆ ಸಡಿಲಬಿಡುವುದು ನಮ್ಮ ಸಂಪ್ರದಾಯವಲ್ಲ. ಆದರೆ ತಮ್ಮ ಜೀವಿತಕಾಲದಲ್ಲೇ ಮಗನಿಗಾಗಿ ಬೈಅತ್ ಪಡೆದ ಅವರ ನಿರ್ಧಾರವನ್ನು ಸರಿಯೆನ್ನಲು ನಮಗೆ ಸಾಧ್ಯವಿಲ್ಲ. ಇದು ರೋಮಿನ ಕೈಸರರ ಪದ್ಧತಿಯೆಂದು ಅಬೂಬಕರ್(ರ)ರ ಪುತ್ರ ಅಬ್ದುರ್ರಹ್ಮಾನ್(ರ) ಅಂದೇ ಆಕ್ಷೇಪಿಸಿದ್ದರು. 680ರಲ್ಲಿ ಮುಆವಿಯಾ(ರ) ತೀರಿಕೊಂಡರು. ಅದೇ ವರ್ಷ ಕರ್ಬಲಾ ನಡೆಯಿತು.

ಆ ಬಳಿಕ ಮರ್ವಾನನ ಸಂತತಿ ಗದ್ದುಗೆಯೇರಿತು. ಜೆರುಸಲೇಮಿನ ಸ್ವರ್ಣಗುಮ್ಮಟ, ಡಮಾಸ್ಕಸ್‌ನ ಮಹಾಮಸೀದಿ, ಅರಬಿ ನಾಣ್ಯ, ಅರಬಿ ದಫ್ತರ ಎಲ್ಲವೂ ಅವರ ಕಾಲದವು. ಕಟ್ಟಡಕ್ಕೇನೂ ಕೊರತೆಯಿರಲಿಲ್ಲ. ಆದರೆ ಇಸ್ಲಾಮ್ ಸ್ವೀಕರಿಸಿದ ಅರಬೇತರರು 'ಮವಾಲಿ'ಗಳೆನಿಸಿ ಕೆಳಗಿನ ಸಾಲಿನಲ್ಲೇ ಉಳಿದರು. ಕಲಿಮಾ ಹೇಳಿದ ಮೇಲೂ ಇರಾಕ್‌ನಲ್ಲಿ, ಖುರಾಸಾನ್‌ನಲ್ಲಿ ಅವರಿಂದ ಜಿಝಿಯಾ ವಸೂಲಿಯಾಯಿತು.

ಇದನ್ನೋದಿ 'ಅಯ್ಯೋ ಎಂಥ ಅನ್ಯಾಯ' ಎನ್ನುವ ಮೊದಲು ನಮ್ಮ ಓದುಗರು ತಮ್ಮ ಮೊಹಲ್ಲಾದಲ್ಲಿರುವ ಪಿಂಜಾರ ಅಥವಾ ನದಾಫ ಬಾಂಧವರನ್ನು ನೆನೆಯಲಿ. ಹತ್ತಿ ಹಿಂಜಿ ಗಾದಿ ಹೊಲಿದು ಬದುಕಿದ ಜನ, ಮನೆಯಲ್ಲಿ ಕನ್ನಡ ಮಾತಾಡುವ ಜನ. ಸರಕಾರ ಅವರ ಹಿಂದುಳಿದಿರುವಿಕೆಯನ್ನು ಗುರುತಿಸಿ ಪ್ರವರ್ಗ ಒಂದರಲ್ಲಿ ಸೇರಿಸಿದೆ. ನಾವು ಅವರನ್ನು ಎಲ್ಲಿ ಸೇರಿಸಿದ್ದೇವೆ? ಸಫ್‌ನಲ್ಲಿ ಹೆಗಲಿಗೆ ಹೆಗಲು ತಾಗಿಸುತ್ತೇವೆ, ನಿಜ. ಹೆಣ್ಣು ಕೊಡುವ ಮಾತು ಬಂದೊಡನೆ ಸಯ್ಯದ್, ಶೇಖ್, ಪಠಾಣ್ ಎಂಬ ಶಜರಾ ಹೊರಬರುತ್ತದೆ. ಉರ್ದು ಬಾರದೆಂಬ ಕಾರಣಕ್ಕೆ ಸಮಿತಿಯ ಸಭೆಯಲ್ಲಿ ಅವರ ಮಾತಿಗೆ ನಗುವವರನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಖುರೈಶ್ ಮಹಿಳೆ ಫಾತಿಮಾ ಬಿಂತ್ ಖೈಸ್(ರ) ತಮಗೆ ಬಂದ ವಿವಾಹ ಪ್ರಸ್ತಾಪಗಳನ್ನು ಪ್ರವಾದಿವರ್ಯರ(ಸ) ಮುಂದಿಟ್ಟಾಗ, ಉಮಯ್ಯಾ ಮನೆತನದ ಮುಆವಿಯಾರ(ರ) ಪ್ರಸ್ತಾಪವೂ ಅದರಲ್ಲಿತ್ತು. ಅವರ ಬಳಿ ಸಂಪತ್ತಿಲ್ಲವೆಂದು ಹೇಳಿ ಪ್ರವಾದಿವರ್ಯರು(ಸ) ಸೂಚಿಸಿದ್ದು ವಿಮೋಚಿತ ಗುಲಾಮ ಝೈದ್‌ರ ಮಗ ಉಸಾಮಾರನ್ನು(ರ). ಆಕೆಗೆ ಮೊದಲು ಹಿಡಿಸಲಿಲ್ಲ. ಬಳಿಕ ಒಪ್ಪಿದರು, ಇತರರು ಅಸೂಯೆಪಡುವಷ್ಟು ಸುಖವಾಗಿ ಬಾಳಿದರು. ಈ ಹದೀಸನ್ನು ನಿಕಾಹ್ ಖುತ್ಬಾದಲ್ಲಿ ಯಾರಾದರೂ ಹೇಳಿದ್ದನ್ನು ನಾವಂತೂ ಕೇಳಿಲ್ಲ!

ಇನ್ನು ಸಮಿತಿಗಳ ವಿಷಯ. ಹೊನ್ನಾಳಿಯಿಂದ ಬೇರ್ಪಟ್ಟು ನ್ಯಾಮತಿಯು ಹೊಸ ತಾಲ್ಲೂಕಾಯಿತು. ಸರಕಾರವು ತಾಲ್ಲೂಕನ್ನೇ ಬದಲಿಸೀತು, ನಮ್ಮಲ್ಲಿ ಅಧ್ಯಕ್ಷರು ಬದಲಾಗುವುದಿಲ್ಲ. ತಂದೆ ಮುತವಲ್ಲಿ, ಆತನ ಬಳಿಕ ಮಗ, ಮಗ ದುಬೈಗೆ ಹೋದರೆ ಅಳಿಯ. ಈ ನಾಲ್ಕು ಪಟ್ಟಣಗಳಲ್ಲಿ ಇಂಥದೊಂದೂ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲವರು ನಮಗೆ ಬರೆಯಲಿ, ಸಂತೋಷದಿಂದ ಪ್ರಕಟಿಸುತ್ತೇವೆ. ಇವುಗಳಲ್ಲೊಂದು ಊರಿನಲ್ಲಿ ಜುಮುಅ ಮುಗಿದ ಮೇಲೆ ಯುವಕನೋರ್ವನು ಅಂಗಡಿ ಮಳಿಗೆಗಳ ಬಾಡಿಗೆ ಲೆಕ್ಕ ಕೇಳಿದುದಕ್ಕೆ ಹಿರಿಯರೊಬ್ಬರು, "ಈ ಮಸೀದಿಗೆ ಜಾಗ ಕೊಟ್ಟವರು ನಮ್ಮಜ್ಜ, ನೀನ್ಯಾರಪ್ಪ ಕೇಳೋದಕ್ಕೆ?" ಎಂದರು. ನಾವು ಅಲ್ಲೇ ನಿಂತಿದ್ದೆವು. ಅಜ್ಜನವರು ಜಾಗವನ್ನು ಅಲ್ಲಾಹನಿಗೆ ಕೊಟ್ಟಿದ್ದರೋ ಮೊಮ್ಮಗನಿಗೋ ಎಂದು ಕೇಳುವ ಧೈರ್ಯ ಅಲ್ಲಿದ್ದ ಯಾರಿಗೂ ಬರಲಿಲ್ಲ, ನಮಗೂ ಬರಲಿಲ್ಲ.

ತಮ್ಮ ಸಂತತಿಗೂ ನಾಯಕತ್ವ ದೊರೆಯಬಹುದೇ ಎಂದು ಇಬ್ರಾಹೀಮ್(ಅ) ಕೇಳಿದಾಗ, ತನ್ನ ವಾಗ್ದಾನವು ಅಕ್ರಮಿಗಳಿಗೆ ಅನ್ವಯಿಸದೆಂದು ಅಲ್ಲಾಹನು ಉತ್ತರಿಸಿದುದು ಸೂರಃ ಅಲ್‌ಬಖರಾದಲ್ಲಿದೆ. ಪ್ರವಾದಿಯೊಬ್ಬರ ವಂಶಕ್ಕೇ ಷರತ್ತು. ನಮ್ಮ ಅಧ್ಯಕ್ಷರುಗಳ ವಂಶಕ್ಕೆ ಮಾತ್ರ ಯಾವ ಷರತ್ತೂ ಇಲ್ಲ.

ಅದೇ ಉಮಯ್ಯಾ ಮನೆತನದಲ್ಲಿ 717ರಲ್ಲಿ ಉಮರ್ ಬಿನ್ ಅಬ್ದುಲ್ ಅಝೀಝ್(ರ) ಅಧಿಕಾರಕ್ಕೆ ಬಂದರು. ಹಿಂದಿನ ಖಲೀಫಾ ಬರೆದಿಟ್ಟ ಉಯಿಲಿನಿಂದ ತಾವು ನೇಮಕಗೊಂಡುದಕ್ಕೆ ನಾಚಿ, ಜನರನ್ನು ಬೈಅತ್‌ನಿಂದ ಬಿಡುಗಡೆಗೊಳಿಸಿ, ನಿಮಗೆ ಬೇಕಾದವರನ್ನು ಆರಿಸಿಕೊಳ್ಳಿ ಎಂದರೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಜನರು ಅವರನ್ನೇ ಆರಿಸಿದರು. ಬಂಧುಗಳು ನುಂಗಿದ್ದ ಆಸ್ತಿಯನ್ನು ಅವರು ಮರಳಿಸಿದರು. ಪತ್ನಿಯ ಆಭರಣವನ್ನೂ ಬೈತುಲ್ ಮಾಲ್‌ಗೆ ಸೇರಿಸಿದರು. ಹೊಸ ಮುಸ್ಲಿಮರ ಮೇಲಿನ ಜಿಝಿಯಾ ನಿಲ್ಲಿಸಿದರು. ಮಿಂಬರ್‌ಗಳಲ್ಲಿ ಅಲೀ(ರ)ರನ್ನು ನಿಂದಿಸುವ ಪದ್ಧತಿಯನ್ನು ಕೊನೆಗೊಳಿಸಿದರು. ಎರಡೂವರೆ ವರ್ಷ ತುಂಬುವ ಮುನ್ನವೇ ಅವರು ತೀರಿಕೊಂಡರು. ಮನೆಯವರಿಗೆ ಅವರ ಮೇಲೆ ಸಿಟ್ಟಿದ್ದುದರಲ್ಲಿ ಆಶ್ಚರ್ಯವಿಲ್ಲ.

750ರಲ್ಲಿ ಅಬ್ಬಾಸೀಯರು ಈ ಮನೆತನವನ್ನು ಕತ್ತರಿಸಿ ಹಾಕಿದರು. ಪ್ರವಾದಿ ಕುಟುಂಬದ ಹಕ್ಕಿನ ಹೆಸರಿನಲ್ಲಿ, ಮವಾಲಿಗಳ ಬೆಂಬಲದಿಂದ ಬಂದವರು ಅವರು. ಬಂದವರೂ ಗದ್ದುಗೆಯನ್ನು ಮಕ್ಕಳಿಗೇ ಕೊಟ್ಟರು. ಮನೆ ಬದಲಾಯಿತು, ಕಾನೂನು ಬದಲಾಗಲಿಲ್ಲ. ಆದ್ದರಿಂದ ಇಂಥ ಕುಟುಂಬವನ್ನು ಇಳಿಸಿ ಅಂಥ ಕುಟುಂಬವನ್ನು ಏರಿಸುವ ಗುಂಪುಗಾರಿಕೆಗೆ ನಮ್ಮ ಈ ಬರಹವನ್ನು ಬಳಸಿಕೊಳ್ಳಲು ಹೊರಟವರಿಗೆ ನಮ್ಮ ಸಮ್ಮತಿಯಿಲ್ಲ. ನಿಗದಿತ ಅವಧಿಗೆ ಚುನಾವಣೆ, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಮಸೀದಿಯ ಗೋಡೆಯ ಮೇಲೆ ಕನ್ನಡದಲ್ಲೂ ಉರ್ದುವಿನಲ್ಲೂ ಲೆಕ್ಕಪತ್ರ: ನಾವು ಕೇಳುವುದಿಷ್ಟು. ಮುತವಲ್ಲಿಯು ಪ್ರತಿವರ್ಷ ಲೆಕ್ಕ ಸಲ್ಲಿಸಬೇಕೆಂದು 1995ರ ವಕ್ಫ್ ಕಾಯಿದೆಯೇ ಹೇಳಿದೆ.

ಇದನ್ನೆಲ್ಲ ಬಹಿರಂಗವಾಗಿ ಬರೆದರೆ ವಿರೋಧಿಗಳಿಗೆ ಅಸ್ತ್ರ ಕೊಟ್ಟಂತಾಗುವುದಿಲ್ಲವೇ ಎಂದು ಹಿತೈಷಿಗಳು ಎಚ್ಚರಿಸುತ್ತಾರೆ. 2025ರಲ್ಲಿ ವಕ್ಫ್ ತಿದ್ದುಪಡಿ ಕಾಯಿದೆ ಬಂದಾಗ ನಾವೆಲ್ಲ ಅದನ್ನು ವಿರೋಧಿಸಿದೆವು, ವಿರೋಧಿಸಲೇಬೇಕಿತ್ತು. ಆದರೆ ಅದೇ ವರ್ಷದ ಜೂನ್‌ನಲ್ಲಿ 'ಉಮೀದ್' ಪೋರ್ಟಲ್ ತೆರೆದು ಆರು ತಿಂಗಳೊಳಗೆ ಪ್ರತಿಯೊಂದು ವಕ್ಫ್ ಆಸ್ತಿಯ ವಿವರ ತುಂಬಬೇಕೆಂದಾಗ, ನಿಮ್ಮ ಮಸೀದಿಯ ದಾಖಲೆಗಳು ಎಲ್ಲಿದ್ದವು? ಮಸೀದಿಯ ಕಪಾಟಿನಲ್ಲೋ, ಅಧ್ಯಕ್ಷರ ಮನೆಯ ಟ್ರಂಕಿನಲ್ಲೋ? ಬರುವ ಶುಕ್ರವಾರ ನಮಾಝಿನ ಬಳಿಕ ಇದನ್ನು ವಿಚಾರಿಸಿ ನೋಡಿ.