ಓದುವುದು ಎಂದರೇನು? ಆಕ್ಸ್‌ಫರ್ಡಿನ ಹಳೆಯ ಪ್ರಶ್ನೆ, ನಮ್ಮ ಹೊಸ ತಕರಾರು

ಐದಾರು ವರ್ಷದ ಮಗುವಿನ ಮುಂದೆ ನಲವತ್ತು ಪದಗಳನ್ನು ಇಡಲಾಗುತ್ತದೆ. ಅವುಗಳಲ್ಲಿ ಇಪ್ಪತ್ತಕ್ಕೆ ಯಾವ ಅರ್ಥವೂ ಇಲ್ಲ. ಅಕ್ಷರ ಅಕ್ಷರ ಕೂಡಿಸಿ ಅವನ್ನೂ ಸರಿಯಾಗಿ ಉಚ್ಚರಿಸಿದರೆ ಮಗು ಅಕ್ಷರ-ಧ್ವನಿಗಳ ಸಂಬಂಧವನ್ನು ಕಲಿತಿದೆ ಎಂದು ಪರಿಗಣಿಸಲಾಗುತ್ತದೆ. ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ 2012ರಿಂದ ಜಾರಿಗೆ ಬಂದ ಈ ಪರೀಕ್ಷೆಯನ್ನು ತಾತ್ತ್ವಿಕ ನೆಲೆಯಲ್ಲಿ ಪ್ರಶ್ನಿಸಿದವರಲ್ಲಿ ಶಿಕ್ಷಣ ತತ್ತ್ವಶಾಸ್ತ್ರಜ್ಞ ಆಂಡ್ರ್ಯೂ ಡೇವಿಸ್ ಪ್ರಮುಖರು. ಓದುವುದೆಂದರೆ ಅರ್ಥ ಗ್ರಹಿಸುವುದು. ಅರ್ಥವೇ ಇಲ್ಲದ ಪದವನ್ನು ಉಚ್ಚರಿಸುವುದು ಓದು ಹೇಗಾದೀತು ಎಂಬುದು ಅವರ ವಾದದ ತಿರುಳು. ಈಗಾಗಲೇ ಓದಲು ಬಲ್ಲ ಮಕ್ಕಳ ಮೇಲೂ ಒಂದೇ ವಿಧಾನವನ್ನು ಹೇರುವುದಕ್ಕೆ ಅವರ ವಿರೋಧವಿತ್ತು.

ಡೇವಿಸ್ ಅವರ ಕಿರುಹೊತ್ತಗೆಯನ್ನು ಪ್ರಕಟಿಸಿದ್ದು ಗ್ರೇಟ್ ಬ್ರಿಟನ್ನಿನ ಶಿಕ್ಷಣ ತತ್ತ್ವಶಾಸ್ತ್ರ ಸಂಘ. 1964ರಲ್ಲಿ ಸ್ಥಾಪನೆಯಾದ ಈ ಸಂಘದ ವಾರ್ಷಿಕ ಸಮ್ಮೇಳನವು ಹಲವು ವರ್ಷಗಳಿಂದ ವಸಂತ ಋತುವಿನಲ್ಲಿ ಆಕ್ಸ್‌ಫರ್ಡಿನ ನ್ಯೂ ಕಾಲೇಜಿನಲ್ಲಿ ನಡೆಯುತ್ತ ಬಂದಿದೆ. (ಹೆಸರಿಗೆ 'ನ್ಯೂ', ಕಟ್ಟಿದ್ದು 1379ರಲ್ಲಿ!) ವಿದ್ವಾಂಸರು ಪ್ರಬಂಧ ಮಂಡಿಸುತ್ತಾರೆ, ಪರಸ್ಪರ ಖಂಡಿಸುತ್ತಾರೆ, ಊರಿಗೆ ಮರಳುತ್ತಾರೆ. ಇಂತಹ ಸಭೆಯಿಂದ ಶಾಲೆಗೆ ಏನು ಪ್ರಯೋಜನ ಎಂಬ ಪ್ರಶ್ನೆ ಸಹಜವಾದುದೇ.

ಆದರೆ ಸಂಘ ಹುಟ್ಟಿದ್ದೇ ಶಿಕ್ಷಕರ ತರಬೇತಿಯ ಅಗತ್ಯದಿಂದ ಎಂಬುದು ಗಮನಾರ್ಹ. ಶಿಕ್ಷಕರಿಗೂ ಪದವಿ ಮಟ್ಟದ ವ್ಯಾಸಂಗ ಬೇಕೆಂದು 1963ರ ರಾಬಿನ್ಸ್ ಸಮಿತಿ ಶಿಫಾರಸು ಮಾಡಿತ್ತು. ಅದೇ ಕಾಲದಲ್ಲಿ ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಶನ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ರಿಚರ್ಡ್ ಪೀಟರ್ಸ್, ಪಾಲ್ ಹರ್ಸ್ಟ್ ಮೊದಲಾದವರು ಸೇರಿ ಸಂಘ ಕಟ್ಟಿದರು. ಪೀಟರ್ಸ್ ಹುಟ್ಟಿದ್ದು 1919ರಲ್ಲಿ, ನಮ್ಮ ಮಸ್ಸೂರಿಯಲ್ಲಿ. ಬಾಲ್ಯದಲ್ಲಿ ಅವರಿಗೆ ಮನೆಪಾಠ ಹೇಳಿದವರು ಜಾರ್ಜ್ ಆರ್ವೆಲ್.

ಶಿಕ್ಷಣವೆಂದರೆ 'ದೀಕ್ಷೆ' ಎಂದು ಪೀಟರ್ಸ್ ತಮ್ಮ 1963ರ ಪ್ರಾರಂಭೋಪನ್ಯಾಸದಲ್ಲಿ ಪ್ರತಿಪಾದಿಸಿದರು. ಮಗುವನ್ನು ಬೇಕಾದ ಆಕಾರಕ್ಕೆ ತಿದ್ದುವುದೂ ಅಲ್ಲ, ತಾನಾಗಿ ಬೆಳೆಯಲಿ ಎಂದು ಬಿಡುವುದೂ ಅಲ್ಲ. ಮೌಲಿಕವೆನಿಸಿದ ಜ್ಞಾನ ಪರಂಪರೆಗಳೊಳಕ್ಕೆ, ನೈತಿಕವಾಗಿ ಒಪ್ಪತಕ್ಕ ರೀತಿಯಲ್ಲಿ, ಅದನ್ನು ಕರೆತರುವುದು. ದೀಕ್ಷೆಯೆಂಬ ಮಾತು ಕನ್ನಡಿಗರಿಗೆ ಇಂಗ್ಲಿಷರಿಗಿಂತ ಹೆಚ್ಚು ಆಪ್ತವೆನಿಸೀತು. ಶಿಕ್ಷಣ ಮತ್ತು ಶಿಕ್ಷೆ ಒಂದೇ ಧಾತುವಿನಿಂದ ಬಂದ ಭಾಷೆ ನಮ್ಮದು. 'ನೈತಿಕವಾಗಿ ಒಪ್ಪತಕ್ಕ ರೀತಿ' ಎಂಬ ಷರತ್ತು ಇಲ್ಲಿ ಇನ್ನಷ್ಟು ಚುಚ್ಚಬೇಕು. ದೀಕ್ಷೆ ಕೊಡತಕ್ಕ ಜ್ಞಾನ ಯಾವುದೆಂದು ಆಯ್ದವರಾರು ಎಂಬ ಆಕ್ಷೇಪ ಮುಂದೆ ಬಂತು. ಜ್ಞಾನದ ಪ್ರಕಾರಗಳನ್ನು ವಿಂಗಡಿಸಿ ಹೆಸರಾಗಿದ್ದ ಹರ್ಸ್ಟ್ ಸ್ವತಃ 1990ರ ದಶಕದಲ್ಲಿ ತಮ್ಮ ಹಳೆಯ ನಿಲುವಿನಿಂದ ಹಿಂದೆ ಸರಿದರು. ಅಂತಹ ಪ್ರಾಮಾಣಿಕತೆ ವಿದ್ವಾಂಸರಲ್ಲಿ ಅಪರೂಪ.

ಇಂಗ್ಲೆಂಡಿನಲ್ಲಿ 1980ರ ದಶಕದ ನಂತರ ಶಿಕ್ಷಕರ ತರಬೇತಿಯು ಹೆಚ್ಚು ಹೆಚ್ಚು ಶಾಲೆಯೊಳಗಿನ ಕಸುಬಿನ ಅಭ್ಯಾಸವಾಯಿತು. ತತ್ತ್ವಶಾಸ್ತ್ರಕ್ಕೆ ಅಲ್ಲಿ ಜಾಗ ಉಳಿಯಲಿಲ್ಲ. ಶಿಕ್ಷಕರಿಗಾಗಿ ಹುಟ್ಟಿದ ಶಾಸ್ತ್ರ ಪ್ರಾಧ್ಯಾಪಕರ ಶಾಸ್ತ್ರವಾಯಿತು. ಇದನ್ನು ಮನಗಂಡೇ ಇರಬೇಕು, ಸಂಘವು 1999ರಿಂದ ಸರ್ಕಾರದ ನೀತಿಗಳನ್ನು ನೇರವಾಗಿ ವಿಮರ್ಶಿಸುವ ಕಿರುಹೊತ್ತಗೆಗಳ ಮಾಲೆ ಆರಂಭಿಸಿತು. ಡೇವಿಸ್ ಅವರ ಹೊತ್ತಗೆ ಈ ಮಾಲೆಗೆ ಸೇರಿದ್ದು. 2014ರ ಆರಂಭದಲ್ಲಿ ಅದು ಪತ್ರಿಕೆಗಳಲ್ಲಿ ಸುದ್ದಿಯಾದಾಗ, ತರಗತಿಯ ಪುರಾವೆ ಎಲ್ಲಿ ಎಂದು ವಿರೋಧಿಗಳು ಕೇಳಿದರು. ಆ ಪ್ರಶ್ನೆಯಲ್ಲಿ ಹುರುಳಿಲ್ಲದೆ ಇಲ್ಲ. ಮನೆಯಲ್ಲಿ ಪುಸ್ತಕವೇ ಇಲ್ಲದ ಮಗುವಿಗೆ ಅಕ್ಷರ-ಧ್ವನಿಗಳ ಕ್ರಮಬದ್ಧ ಪಾಠದಿಂದ ಲಾಭವಾದರೆ 'ಓದು' ಎಂಬ ಪದದ ವಿಶ್ಲೇಷಣೆಯಿಂದ ಅದನ್ನು ಅಲ್ಲಗಳೆಯಲಾಗದು. ಆದರೆ ಯಾವುದನ್ನು ಅಳೆಯುತ್ತಿದ್ದೇವೆ ಎಂಬುದನ್ನು ಪುರಾವೆಯೇ ಹೇಳುವುದಿಲ್ಲವಲ್ಲ? ಪರೀಕ್ಷೆ ಮುಂದುವರಿಯಿತು.

ನಮ್ಮಲ್ಲಿ ಈ ಪ್ರಶ್ನೆ ಇಲ್ಲವೆಂದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ 'ನಲಿ-ಕಲಿ' ಅ ಆ ಇ ಈ ಎಂಬ ವರ್ಣಮಾಲೆಯ ಕ್ರಮವನ್ನು ಕೈಬಿಟ್ಟು, ಮಗು ಬೇಗನೆ ಅರ್ಥವುಳ್ಳ ಪದ ಕಟ್ಟಲಿ ಎಂದು ಅಕ್ಷರಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿತು. ಓದು ಎಂದರೇನು ಎಂಬುದಕ್ಕೆ ಇದೂ ಒಂದು ಉತ್ತರವೇ. ತಮ್ಮ ಮಗುವಿಗೆ ವರ್ಣಮಾಲೆ ಬಾಯಿಪಾಠ ಬರುವುದಿಲ್ಲವೆಂದು ಚಿಂತಿಸುವ ಪೋಷಕರ ಮನಸ್ಸಿನಲ್ಲಿರುವುದು ಇನ್ನೊಂದು ಉತ್ತರ. ಇವೆರಡನ್ನೂ ಎದುರುಬದುರು ಕೂರಿಸಿ ಚರ್ಚಿಸುವ ವೇದಿಕೆ ಕಾಣಸಿಗುವುದು ಕಡಿಮೆ. ಬಿ.ಇಡಿ. ವಿದ್ಯಾರ್ಥಿಗೆ ಶಿಕ್ಷಣದ ತತ್ತ್ವಶಾಸ್ತ್ರವೆಂದರೆ ಬಹುಮಟ್ಟಿಗೆ ಆದರ್ಶವಾದ, ನಿಸರ್ಗವಾದ, ವ್ಯವಹಾರವಾದಗಳ ಪಟ್ಟಿ. ಪರೀಕ್ಷೆ ಮುಗಿದ ಸಂಜೆ ಅದು ಮರೆತುಹೋಗುತ್ತದೆ.

ಆದ್ದರಿಂದಲೇ ತಾತ್ತ್ವಿಕ ಪ್ರಶ್ನೆಗಳು ಇಲ್ಲಿ ನ್ಯಾಯಾಲಯದ ಬಾಗಿಲಲ್ಲಿ ಇತ್ಯರ್ಥವಾಗುತ್ತವೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನೇ ಮಾಧ್ಯಮವಾಗಿಸುವ ರಾಜ್ಯದ ಪ್ರಯತ್ನವನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ ತಿಂಗಳಲ್ಲಿ ತಳ್ಳಿಹಾಕಿತು. ಮಾಧ್ಯಮದ ಆಯ್ಕೆ ಮಗುವಿನ ಹಕ್ಕು, ಮಗುವಿನ ಪರವಾಗಿ ಅದನ್ನು ಚಲಾಯಿಸುವವರು ಪೋಷಕರು ಎಂಬುದು ತೀರ್ಪಿನ ಸಾರ. ಪೋಷಕರ ಇಚ್ಛೆ ಮತ್ತು ಮಗುವಿನ ಹಿತ ಒಂದೇ ಆಗಿರಬೇಕೆ? ಇಂಗ್ಲಿಷ್ ಭಾಷಾ ಜಗತ್ತಿನ ಶಿಕ್ಷಣ ತತ್ತ್ವಜ್ಞರು ದಶಕಗಳಿಂದ ವಾದಿಸುತ್ತಿರುವುದು ಇದನ್ನೇ. ತೀರ್ಪು ಬಂದಾಗ ಕರ್ನಾಟಕದಲ್ಲಿ ನಡೆದ ಚರ್ಚೆ ಮಾತ್ರ ಕನ್ನಡಕ್ಕೆ ಸೋಲೋ ಗೆಲುವೋ ಎಂಬಲ್ಲಿಗೆ ನಿಂತಿತು.

ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿದಾಗಲೂ ಅಷ್ಟೇ. ಐದನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮ ಇರಲಿ ಎಂದು ಅದು ಶಿಫಾರಸು ಮಾಡಿತು. ಎರಡು ಭಾಷೆಯೋ ಮೂರು ಭಾಷೆಯೋ ಎಂಬ ವಾಗ್ವಾದ ಜೋರಾಗಿಯೇ ನಡೆಯಿತು. ತರಗತಿಯಲ್ಲಿ ಕುಳಿತ ಮಗು ಆ ಭಾಷೆಯಲ್ಲಿ ಏನನ್ನು ಅರಿಯಬೇಕು ಎಂಬ ಮಾತು ಆ ಗದ್ದಲದಲ್ಲಿ ಕೇಳಿಬಂದಿದ್ದು ಕಡಿಮೆ.