ಸಂಚಿಕೆಯನ್ನು ನಿಲ್ಲಿಸುವ ಮುನ್ನ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ತಂತ್ರಾಂಶ ವೃತ್ತಿಯಲ್ಲಿದ್ದಾನೆ. ಬಿಡುವಿನ ವೇಳೆಯಲ್ಲಿ ಮುಕ್ತ ತಂತ್ರಾಂಶದ ಬಳಗವೊಂದಕ್ಕಾಗಿ ಸಂಬಳವಿಲ್ಲದೆ ದುಡಿಯುತ್ತಾನೆ. ಆ ಬಳಗವು ಬಹುಕಾಲದಿಂದ ಹೊರತರುತ್ತಿದ್ದ ವಾರ್ತಾಪತ್ರವನ್ನು ಕೈಬಿಟ್ಟು, ಇನ್ನು ಮುಂದೆ ಸುದ್ದಿಯಿದ್ದಾಗ ಒಂದೊಂದೇ ಬಿಡಿ ಬರಹವನ್ನು ಪ್ರಕಟಿಸಿದರೆ ಸಾಕೆಂದು ಆಲೋಚಿಸುತ್ತಿದೆಯಂತೆ. "ಇದರಲ್ಲಿ ತಪ್ಪೇನಿದೆ ಸರ್?" ಎಂದು ಕಳೆದ ತಿಂಗಳು ಮನೆಗೆ ಬಂದಾಗ ಕೇಳಿದ. ಅಂದು ಕಾಫಿ ಕುಡಿದು ಮುಗಿಯುವುದರೊಳಗೆ ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಇಂಥ ವೃತ್ತಿಯಲ್ಲಿರುವ ನನ್ನ ಇತರ ವಿದ್ಯಾರ್ಥಿಗಳೂ ಓದಲಿ, ಒಪ್ಪದಿದ್ದರೆ ಜಗಳವಾಡಲಿ.

ಡೆಬಿಯನ್ ಎಂಬ ಹೆಸರು ನಿಮ್ಮಲ್ಲಿ ಹಲವರಿಗೆ ಗೊತ್ತು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ, ಜಗತ್ತಿನಾದ್ಯಂತ ಹರಡಿರುವ ಸ್ವಯಂಸೇವಕರು ನಡೆಸಿಕೊಂಡು ಬಂದಿರುವ ಕಾರ್ಯಾಚರಣ ವ್ಯವಸ್ಥೆ ಅದು. 1999ರಲ್ಲಿ ಜೋಯಿ ಹೆಸ್ ಎಂಬುವರು ಅದಕ್ಕೊಂದು ವಾರಪತ್ರವನ್ನು ಆರಂಭಿಸಿದರು. ಹೆಸರು ಡೆಬಿಯನ್ ವೀಕ್ಲಿ ನ್ಯೂಸ್. ಮುಂದೆ ಮಾರ್ಟಿನ್ ಶುಲ್ಜೆ ಅದರ ಭಾರ ಹೊತ್ತರು. ಇಂಗ್ಲಿಷಿನಲ್ಲಿ ಬಂದದ್ದನ್ನು ಫ್ರೆಂಚ್, ಜರ್ಮನ್ ಮೊದಲಾದ ಭಾಷೆಗಳಿಗೆ ಅನುವಾದಿಸುವವರೂ ಹುಟ್ಟಿಕೊಂಡರು. ಅನುವಾದಕನಿಗೆ ನಿಶ್ಚಿತ ಗಾತ್ರದ, ನಿಶ್ಚಿತ ದಿನಾಂಕದ ಒಂದು ವಸ್ತು ಬೇಕು. ಹೊತ್ತುಗೊತ್ತಿಲ್ಲದೆ ಹರಿದುಬರುವ ಬಿಡಿ ಬರಹಗಳ ಹಿಂದೆ ಅವನು ಎಷ್ಟು ದಿನ ಓಡಿಯಾನು?

ಆ ಪತ್ರದಲ್ಲಿ ಒಂದು ವಿಭಾಗವಿತ್ತು. ನಿರ್ವಾಹಕರು ಕೈಬಿಟ್ಟ, ಹೊಸ ಪೋಷಕರಿಗಾಗಿ ಕಾದಿರುವ ತಂತ್ರಾಂಶಗಳ ಪಟ್ಟಿ ಅದು. ಅವರ ಪರಿಭಾಷೆಯಲ್ಲಿ 'ಅನಾಥ'ವಾದವುಗಳು. ನನ್ನ ವಾದವೆಲ್ಲ ಈ ಪಟ್ಟಿಯ ಮೇಲೆ ನಿಂತಿದೆ. ಯಾರೋ ಎಂದೋ ಬರೆದಿಟ್ಟ ಒಂದು ಸಣ್ಣ ಉಪಕರಣ ಅನಾಥವಾಯಿತೆಂದು ಪ್ರತ್ಯೇಕ ಲೇಖನ ಬರೆಯುವವರು ಯಾರು? ಬರೆದರೂ ಓದುವವರು ಯಾರು? ದೊಡ್ಡ ಸುದ್ದಿಯನ್ನು ಓದಲು ಬಂದವನ ಕಣ್ಣು ಪುಟದ ಕೆಳಗಿದ್ದ ಈ ಪಟ್ಟಿಯ ಮೇಲೂ ಹಾಯುತ್ತಿತ್ತು. ಹಾಗೆ ಹಾಯ್ದಾಗ ಒಬ್ಬನಾದರೂ "ಇದನ್ನು ನಾನು ನೋಡಿಕೊಂಡೇನು" ಎಂದುಕೊಳ್ಳುವ ಅವಕಾಶವಿತ್ತು. ಸಂಚಿಕೆ ಎಂದರೆ ಪಂಕ್ತಿಯೂಟದಂತೆ. ಹೋಳಿಗೆಗಾಗಿ ಬಂದವನ ಎಲೆಗೂ ಕೋಸಂಬರಿ ಬೀಳುತ್ತದೆ. ಬಿಡಿ ಬರಹಗಳಲ್ಲಿ ಪ್ರತಿಯೊಬ್ಬನೂ ತನಗೆ ಬೇಕಾದದ್ದನ್ನು ಮಾತ್ರ ಬಡಿಸಿಕೊಂಡು ಎದ್ದುಹೋಗುತ್ತಾನೆ.

ವೇಗದ ವಾದವನ್ನು ನನ್ನ ಶಿಷ್ಯನೂ ಮುಂದಿಟ್ಟ. ವಾರದ ಕೊನೆಯವರೆಗೆ ಕಾದರೆ ಸುದ್ದಿ ಹಳಸುತ್ತದೆಯಂತೆ. ಭದ್ರತೆಯ ದೋಷವೊಂದು ಪತ್ತೆಯಾದರೆ ಗಂಟೆಗಳ ಲೆಕ್ಕದಲ್ಲಿ ತಿಳಿಸಬೇಕು, ನಿಜ. ಆದರೆ ಡೆಬಿಯನ್ ಬಳಗವು ಅಂಥ ಎಚ್ಚರಿಕೆಗಳಿಗೆ ಪ್ರತ್ಯೇಕ ದಾರಿಯನ್ನೇ ಇಟ್ಟುಕೊಂಡಿತ್ತು. ವಾರಪತ್ರವು ಅವುಗಳನ್ನು ಮತ್ತೊಮ್ಮೆ ಒಟ್ಟುಗೂಡಿಸಿ ನೆನಪಿಸುತ್ತಿತ್ತು, ಅಷ್ಟೆ. ಬೆಂಕಿ ಬಿದ್ದಾಗ ಬಾರಿಸುವ ಗಂಟೆ ಬೇರೆ, ಪಂಚಾಂಗ ಬೇರೆ. ಗಂಟೆ ಇದೆಯೆಂದು ಪಂಚಾಂಗವನ್ನು ಒಲೆಗೆ ಹಾಕುವವರನ್ನು ನಾನು ಕಂಡಿಲ್ಲ.

ಇನ್ನೊಂದು ವಾದವಿದೆ, ಅದಕ್ಕೆ ನಾನು ತಲೆಬಾಗುತ್ತೇನೆ. ಸಂಪಾದಕ ದಣಿಯುತ್ತಾನೆ. ವಾರವಾರವೂ ನೂರಾರು ಚರ್ಚೆಗಳನ್ನು ಓದಿ, ಸಾರ ತೆಗೆದು, ಎರಡು ವಾಕ್ಯಗಳಲ್ಲಿ ಹೇಳುವುದು ಹುಡುಗಾಟವಲ್ಲ. ಡೆಬಿಯನ್ನಿನ ಆ ಪತ್ರವು ತನ್ನ ಸಂಚಿಕೆಗಳ ಕೊನೆಯಲ್ಲಿಯೇ, ಇದನ್ನು ಮುಂದೆಯೂ ಓದಬೇಕೆಂದಿದ್ದರೆ ಬರೆಯಲು ಕೈಜೋಡಿಸಿ ಎಂದು ಓದುಗರನ್ನು ಕೇಳಿಕೊಳ್ಳುತ್ತಿತ್ತು. ಕೊನೆಗೆ 2007ರಲ್ಲಿ ನಿಂತೇಹೋಯಿತು. ಓದುವವರು ಸಾವಿರ, ಬರೆಯುವವರು ಒಬ್ಬಿಬ್ಬರು. ನಮ್ಮ ಶಾಲೆಯ ಗೋಡೆಪತ್ರಿಕೆಯ ಕಥೆಯೂ ಇದೇ ಆಗಿತ್ತೆಂಬುದು ಅಂದು ಅಂದವಾದ ಅಕ್ಷರವಿದೆಯೆಂಬ ಒಂದೇ ಅಪರಾಧಕ್ಕೆ ಪ್ರತಿ ಸಲವೂ ಸಿಕ್ಕಿಬೀಳುತ್ತಿದ್ದವರಿಗೆ ನೆನಪಿರಬೇಕು!

ಆದರೆ ಮುಂದೇನಾಯಿತೆಂಬುದನ್ನು ಗಮನಿಸಿ. ಮರುವರ್ಷವೇ, 2008ರಲ್ಲಿ, ಅದೇ ಬಳಗ ಡೆಬಿಯನ್ ಪ್ರಾಜೆಕ್ಟ್ ನ್ಯೂಸ್ ಎಂಬ ಹೆಸರಿನಲ್ಲಿ ಮತ್ತೊಂದು ವಾರ್ತಾಪತ್ರವನ್ನು ಹೊರಡಿಸಬೇಕಾಯಿತು. ಪ್ರತಿ ವಾರ ಎಂಬ ಹಟವನ್ನು ಬಿಟ್ಟರು, ಸಂಚಿಕೆಯನ್ನು ಬಿಡಲಿಲ್ಲ. ದಣಿದ ಸಂಪಾದಕನಿಗೆ ಔಷಧವೆಂದರೆ ಇದೇ: ಅಂತರವನ್ನು ಹೆಚ್ಚಿಸಿ, ಕೈಗಳನ್ನು ಹೆಚ್ಚಿಸಿ. ಸಂಚಿಕೆಯನ್ನೇ ನಿಲ್ಲಿಸಿದರೆ ಆಯ್ದು ಸಾರ ತೆಗೆಯುವ ಶ್ರಮ ಇಲ್ಲವಾಗುವುದಿಲ್ಲ. ಒಬ್ಬ ಮಾಡುತ್ತಿದ್ದ ಕೆಲಸವನ್ನು ಸಾವಿರ ಓದುಗರು ತಮ್ಮ ತಮ್ಮ ಮನೆಯಲ್ಲಿ ಕುಳಿತು ಸಾವಿರ ಸಲ ಮಾಡಬೇಕಾಗುತ್ತದೆ. ಮಾಡಲಾರದವರು ಸದ್ದಿಲ್ಲದೆ ಬಳಗವನ್ನೇ ಬಿಟ್ಟುಹೋಗುತ್ತಾರೆ.

ಗಣಿತ ಅಚ್ಚು ಮಾಡುವವರಿಗೆ ಪರಿಚಿತವಾದ ಟೆಕ್ ತಂತ್ರಾಂಶದ ಬಳಕೆದಾರರ ಸಂಘವನ್ನೂ ನೋಡಿ. ಡೊನಾಲ್ಡ್ ಕ್ನೂತ್ ಅವರ ಆ ಸೃಷ್ಟಿಯ ಸುತ್ತ 1980ರಲ್ಲಿ ಆರಂಭವಾದ ಟಗ್‌ಬೋಟ್ ಪತ್ರಿಕೆ ನಾಲ್ಕು ದಶಕಗಳನ್ನು ದಾಟಿ ಬಂದಿದೆ. 1983ರಿಂದ ದಶಕಗಳ ಕಾಲ ಬಾರ್ಬರಾ ಬೀಟನ್ ಅದನ್ನು ಸಂಪಾದಿಸಿದರು. ಅವರಿಗೆ ಸದಸ್ಯತ್ವದ ಹಣದ ಆಸರೆಯಿದೆ, ಎಲ್ಲ ಬಳಗಗಳಿಗೂ ಅದಿಲ್ಲ ಎನ್ನುವಿರಿ. ಒಪ್ಪಿದೆ. ಆದರೆ ಸಂಪುಟ, ಸಂಚಿಕೆ, ಪುಟ ಎಂದು ಲೆಕ್ಕವಿಟ್ಟದ್ದರಿಂದಲೇ ಅಲ್ಲವೇ ಇಂದಿಗೂ ಅದರ ಮೊದಲ ವರ್ಷದ ಒಂದು ಲೇಖನವನ್ನು ಯಾರಾದರೂ ಬೆರಳಿಟ್ಟು ತೋರಿಸಬಲ್ಲರು?

ಇಷ್ಟೆಲ್ಲ ಹೇಳಿದ ಮೇಲೂ ನಿಲ್ಲಿಸಲೇಬೇಕೆಂದು ಬಳಗ ತೀರ್ಮಾನಿಸಿದರೆ, ಕೊನೆಯ ಸಂಚಿಕೆ ಎಂದು ಸ್ಪಷ್ಟವಾಗಿ ಹೇಳಿ ಒಂದನ್ನು ಹೊರತರಲಿ. ಅದುವರೆಗೆ ಬರೆದವರೆಲ್ಲರ ಹೆಸರು ಅದರಲ್ಲಿರಲಿ. ಹಳೆಯವನ್ನೆಲ್ಲ ಅಳಿಸದೆ ಒಂದೆಡೆ ಇಡಲಿ. ಆದರೆ ಅದಕ್ಕೂ ಮೊದಲು ಮೂರು ತಿಂಗಳಿಗೊಮ್ಮೆಯಾದರೂ ನಡೆಸಿ ನೋಡಲಿ ಎಂದು ಅವನಿಗೆ ಪತ್ರ ಬರೆದಿದ್ದೇನೆ. ಕನ್ನಡದ ಆವೃತ್ತಿಯೊಂದನ್ನು ತರುವುದಾದರೆ ಕರಡು ತಿದ್ದುವ ಕೆಲಸ ನನ್ನದು ಎಂದೂ ಸೇರಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.