ಗುಂಡಿಗೆ ಎದೆಯೊಡ್ಡಲು ಕನ್ನಡ ನಡೆಯುತ್ತದೆ, ಅಪ್ಪಣೆ ಕೊಡಲು ನಡೆಯುವುದಿಲ್ಲವೇ?

ಮೊದಲು ನನ್ನ ತಪ್ಪು ಒಪ್ಪಿಕೊಂಡು ಮುಂದಿನ ಮಾತಾಡುತ್ತೇನೆ.

ಯಲವಿಗಿಯಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸು. ನಮ್ಮಪ್ಪ ಮೊಳೆ ಜೋಡಿಸಿ ಟ್ರೆಡಲ್ ತುಳಿದ ಜಾಗದಲ್ಲಿ ಈಗ ಕಂಪ್ಯೂಟರ್ ಕೂತಿದೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಬಿಲ್ ಬುಕ್ಕು, ಇಲೆಕ್ಷನ್ ಬಂದರೆ ಪೋಸ್ಟರು. ಇಷ್ಟೇ ನನ್ನ ವ್ಯವಹಾರ. 2022ರ ಮಳೆಗಾಲದಲ್ಲಿ ಒಂದು ಕೋಚಿಂಗ್ ಕ್ಲಾಸಿನವರು ಮಿಲಿಟರಿ ಭರ್ತಿಯ ಕರಪತ್ರ ಹೊಡೆಯಲು ಕೊಟ್ಟರು. ಹಿಂದೆಯೂ ಹೊಡೆದಿದ್ದೆ. ಹಳೇ ಮ್ಯಾಟರ್ ತೆಗೆದೆ, ತಾರೀಖು ಬದಲಿಸಿದೆ, ಎರಡು ಸಾವಿರ ಪ್ರತಿ ಹೊಡೆದು ಕೊಟ್ಟೆ. ಅದರಲ್ಲಿ ದಪ್ಪ ಅಕ್ಷರದ ಒಂದು ಸಾಲಿತ್ತು: ‘ಕೈತುಂಬ ಪಗಾರ, ಜೀವನಪೂರ್ತಿ ಪಿಂಚಣಿ.’

ಅದೇ ವರ್ಷ ಜೂನ್ 14ರಂದು ದೆಹಲಿಯಲ್ಲಿ ಅಗ್ನಿಪಥ ಯೋಜನೆ ಘೋಷಣೆಯಾಗಿತ್ತು. ಪಿಂಚಣಿಯ ಮಾತು ಮುಗಿದಿತ್ತು. ಅವರೂ ಓದಿ ನೋಡಲಿಲ್ಲ, ನಾನೂ ಓದಿ ನೋಡಲಿಲ್ಲ.

ಕೆಲವು ತಿಂಗಳ ಮೇಲೆ ಒಬ್ಬ ಕಾಕಾ ಅದೇ ಕರಪತ್ರವನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡು ಪ್ರೆಸ್ಸಿಗೆ ಬಂದರು. ಎರಡು ಎಕರೆ ಮಳೆಯಾಶ್ರಿತ ಹೊಲ. ಮಗನ ಕ್ಲಾಸಿನ ಫೀ ತುಂಬಲು ಎಮ್ಮೆ ಮಾರಿದ್ದರು. ‘ತಮ್ಮಾ, ಪಿಂಚಣಿ ಐತಿ ಅಂತ ನೀನ ಛಾಪಿಸೀಯಲ್ಲೋ. ಹುಡುಗ ನೋಡಿದ್ರ ನಾಲ್ಕ ವರ್ಷಕ್ಕ ಮನೀಗೆ ಕಳಸ್ತಾರಂತಾನ. ಯಾವುದು ಖರೇ?’ ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವತ್ತು ರಾತ್ರಿ ಸರ್ಕಾರದ ಪ್ರಕಟಣೆಯನ್ನು ಕೂತು ಓದಿದೆ. ನಾನು ಓದಿದ್ದು ಪಿಯುಸಿ. ಆ ಇಂಗ್ಲಿಷ್ ಬಿಡಿಸಲು ನನಗೇ ಮೂರು ತಾಸು ಬೇಕಾಯಿತು. ಹಾಗಾದರೆ ಆ ಕಾಕಾ ಏನು ಮಾಡಬೇಕು? ಕನ್ನಡಿಗರೇ, ನನ್ನ ಪ್ರಶ್ನೆ ಹುಟ್ಟಿದ್ದು ಇಲ್ಲಿ.

ಸೈನ್ಯದ ಕೆಲಸ ಏನು, ಸೈನಿಕ ಎಂದರೆ ಯಾರು ಎಂಬುದನ್ನೇ ಈ ದೇಶದಲ್ಲಿ ಹೊಸದಾಗಿ ಬರೆಯಲಾಗುತ್ತಿದೆ. 1999ರ ಕಾರ್ಗಿಲ್ ಯುದ್ಧದ ನಂತರ ಶುರುವಾದ ಚರ್ಚೆ ಇದು. ಭೂಸೇನೆ, ನೌಕಾಸೇನೆ, ವಾಯುಸೇನೆ ಮೂರೂ ಒಂದಾಗಿ ಕೆಲಸ ಮಾಡಬೇಕೆಂದು 2020ರ ಜನವರಿ 1ರಂದು ಮೊದಲ ರಕ್ಷಣಾ ಪಡೆಗಳ ಮುಖ್ಯಸ್ಥರಾಗಿ ಜನರಲ್ ಬಿಪಿನ್ ರಾವತ್ ಅಧಿಕಾರ ವಹಿಸಿಕೊಂಡರು. ಆಮೇಲೆ ಬಂದದ್ದು ಅಗ್ನಿಪಥ. ಮೊದಲು 15 ವರ್ಷ ದುಡಿದ ಸಿಪಾಯಿಗೆ ಪಿಂಚಣಿ ಇತ್ತು. 2022ರ ಯೋಜನೆಯ ಪ್ರಕಾರ ಸೇವೆ ನಾಲ್ಕು ವರ್ಷ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಅದರಲ್ಲಿ ಕೈಗೆ ಸಿಗುವುದು 21,000. ಉಳಿದದ್ದು ಸೇವಾ ನಿಧಿಗೆ. ಅದಕ್ಕೆ ಸರ್ಕಾರವೂ ಅಷ್ಟೇ ಹಾಕಿ, ಕೊನೆಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ. ನೂರಕ್ಕೆ 25 ಜನ ಸೈನ್ಯದಲ್ಲಿ ಉಳಿಯುತ್ತಾರೆ. 75 ಜನ ಮನೆಗೆ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ.

ಸರ್ಕಾರದ ವಾದವನ್ನೂ ಹೇಳಬೇಕು. ಸೈನ್ಯದ ಸರಾಸರಿ ವಯಸ್ಸು ಇಳಿಯಬೇಕು, ಹೊಸ ತಂತ್ರಜ್ಞಾನ ಕಲಿಯುವ ಹುಡುಗರು ಬೇಕು ಎನ್ನುತ್ತಾರೆ. ಪಿಂಚಣಿಯ ಹೊರೆಯೂ ಸಣ್ಣದಲ್ಲ. ಈ ವಾದದಲ್ಲಿ ಹುರುಳೇ ಇಲ್ಲ ಎನ್ನಲು ನಾನು ಯುದ್ಧ ಪಂಡಿತನಲ್ಲ. ಆದರೆ ಕೇಳುವ ಹಕ್ಕು ನನಗಿದೆ: ಇಷ್ಟು ದೊಡ್ಡ ಬದಲಾವಣೆಯ ಬಗ್ಗೆ ಯಾರ ಮಕ್ಕಳು ಗಡಿಗೆ ಹೋಗುತ್ತಾರೋ ಅವರ ಭಾಷೆಯಲ್ಲಿ, ಅವರ ಊರ ಕಟ್ಟೆಯ ಮೇಲೆ, ಯಾರು ಬಂದು ಮಾತಾಡಿದರು?

ನಮ್ಮ ಭಾಗಕ್ಕೆ ಸೈನ್ಯ ದೂರದ ಸುದ್ದಿಯಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಸಿಕ್ಕಿಕೊಂಡರು. ಎಲ್ಲರೂ 19ನೇ ಮದ್ರಾಸ್ ಪಡೆಯವರು. ಮೂವರು ಕರ್ನಾಟಕದವರು. ಆರು ದಿನದ ಮೇಲೆ ಹಿಮದ ಅಡಿಯಿಂದ ಜೀವಂತವಾಗಿ ಹೊರಬಂದವರು ಒಬ್ಬರೇ, ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ. ನಮ್ಮ ಪಕ್ಕದ ಕುಂದಗೋಳ ತಾಲ್ಲೂಕಿನ ಬೆಟದೂರಿನವರು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವತ್ತು ನನ್ನ ಪ್ರೆಸ್ಸಿನಲ್ಲಿ ಶ್ರದ್ಧಾಂಜಲಿಯ ಬ್ಯಾನರು ಬಿಟ್ಟು ಬೇರೆ ಕೆಲಸ ನಡೆಯಲಿಲ್ಲ. ದುಡ್ಡು ಯಾರೂ ಕೇಳಲಿಲ್ಲ, ಯಾರೂ ಕೊಡಲಿಲ್ಲ.

ಈ ನಾಡು ಸೈನ್ಯಕ್ಕೆ ಕೊಟ್ಟದ್ದು ಕಡಿಮೆಯೇ? 1949ರ ಜನವರಿ 15ರಂದು ಬ್ರಿಟಿಷ್ ಜನರಲ್ಲಿನಿಂದ ಸೇನೆಯ ಅಧಿಕಾರ ವಹಿಸಿಕೊಂಡ ಕಾರ್ಯಪ್ಪನವರು ಕೊಡಗಿನವರು. 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರೂ ಕೊಡಗಿನವರು. ಕಾರವಾರದ ಸೀಬರ್ಡ್ ನೌಕಾನೆಲೆಗೆ ಸಾವಿರಾರು ಕುಟುಂಬಗಳು ಮನೆ ಮಠ ಬಿಟ್ಟವು. ಬೆಳಗಾವಿಯ ನೆಲದಲ್ಲಿ ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ, ಸಾಂಬ್ರಾದಲ್ಲಿ ವಾಯುಸೇನೆಯ ತರಬೇತಿ ಶಾಲೆ. ನೆಲ ಕೊಟ್ಟಿದ್ದೇವೆ, ಮಕ್ಕಳನ್ನು ಕೊಟ್ಟಿದ್ದೇವೆ. ನಮ್ಮ ಭಾಷೆಗೆ ಜಾಗ ಕೇಳಿದರೆ ಮಾತ್ರ ದೇಶದ ಏಕತೆಗೆ ಧಕ್ಕೆ ಬರುತ್ತದಂತೆ!

ಕೇಳಿದರೆ ಸಿಗುತ್ತದೆ ಎಂಬುದಕ್ಕೆ ಸಾಕ್ಷಿಯೂ ಇದೆ. 2023ರಲ್ಲಿ ಸಿಆರ್‌ಪಿಎಫ್ ಕಾನ್‌ಸ್ಟೇಬಲ್ ಪರೀಕ್ಷೆ ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ ಎಂದು ಪ್ರಕಟಣೆ ಬಂತು. ತಮಿಳರು ಎದ್ದರು, ನಾವೂ ದನಿ ಎತ್ತಿದೆವು. ಅದೇ ವರ್ಷ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಇಲಾಖೆ ಮಾತು ಬದಲಿಸಿತು. 2024ರ ಫೆಬ್ರವರಿಯಲ್ಲಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಪರೀಕ್ಷೆ ಮೊದಲ ಸಲ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಯಿತು. 2025ರಲ್ಲಿ ಅಗ್ನಿವೀರರ ಪ್ರವೇಶ ಪರೀಕ್ಷೆಯ ಭಾಷೆಗಳ ಪಟ್ಟಿಯಲ್ಲೂ ಕನ್ನಡ ಬಂತು. ಯಾರೂ ದಾನ ಕೊಟ್ಟದ್ದಲ್ಲ. ಕೇಳಿ ಪಡೆದದ್ದು.

ಆದರೆ ಅಲ್ಲಿಗೇ ನಿಂತಿದೆ ನೋಡಿ. ಸಿಪಾಯಿ ಆಗುವ ಹುಡುಗನಿಗೆ ಕನ್ನಡ. ಅಧಿಕಾರಿ ಆಗಲು ಬರೆಯಬೇಕಾದ ಎನ್‌ಡಿಎ ಪ್ರಶ್ನೆಪತ್ರಿಕೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಗುಂಡಿಗೆ ಎದೆಯೊಡ್ಡಲು ಕನ್ನಡ ನಡೆಯುತ್ತದೆ, ಅಪ್ಪಣೆ ಕೊಡುವ ಕುರ್ಚಿ ಹತ್ತಲು ನಡೆಯುವುದಿಲ್ಲ. ಹಿಂದಿ ಸೀಮೆಯ ಹುಡುಗ ತಾಯಿನುಡಿಯಲ್ಲಿ ಗಣಿತದ ಪ್ರಶ್ನೆ ಓದುತ್ತಾನೆ. ಸವಣೂರಿನ ಸರ್ಕಾರಿ ಶಾಲೆಯ ಹುಡುಗ ಅದೇ ಗಣಿತ ಬಲ್ಲ, ಆದರೆ ಪ್ರಶ್ನೆಯೇ ಅವನಿಗೆ ಅರ್ಥವಾಗುವುದಿಲ್ಲ. ಇದು ಬುದ್ಧಿಯ ಪರೀಕ್ಷೆಯೋ, ಭಾಷೆಯ ಪರೀಕ್ಷೆಯೋ?

ಸೈನ್ಯದಲ್ಲಿ ಅಪ್ಪಣೆಯ ಭಾಷೆ ಒಂದೇ ಇರಬೇಕಲ್ಲ ಎಂದು ಕೆಲವರು ಕೇಳುತ್ತಾರೆ. ಇರಲಿ. ಅದನ್ನು ತರಬೇತಿಯಲ್ಲಿ ಕಲಿಸಲಿ. ನಮ್ಮ ಹುಡುಗರು ಹೋದಲ್ಲೆಲ್ಲ ಕಲಿತಿದ್ದಾರೆ, ಕಲಿಯುತ್ತಾರೆ. ನಾವು ಕೇಳುತ್ತಿರುವುದು ಬಾಗಿಲಲ್ಲಿ ಕನ್ನಡ.

ಇನ್ನೊಂದು ಕೆಲಸದ ಮಾತು. 2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕ ಮುಳುಗಿದಾಗ ಸೈನ್ಯ ಬಂತು. ಹಂಪಿ ಪಕ್ಕದ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಬಿದ್ದವರನ್ನು ವಾಯುಸೇನೆಯ ಹೆಲಿಕಾಪ್ಟರ್ ಎತ್ತಿ ತಂದಿತು. ಅವರಿಗೆ ಕೈಮುಗಿಯೋಣ. ಆದರೆ ಪ್ರತಿ ಹೊಳೆ ಉಕ್ಕಿದಾಗಲೂ ಗಡಿ ಕಾಯುವವರನ್ನೇ ಕರೆಯುವುದು ಸೈನ್ಯಕ್ಕೂ ಒಳ್ಳೆಯದಲ್ಲ, ನಮಗೂ ಒಳ್ಳೆಯದಲ್ಲ. ಅವರು ಬಂದು ತಲುಪುವ ಹೊತ್ತಿಗೆ ನೀರು ಎದೆಮಟ್ಟ ಬಂದಿರುತ್ತದೆ. ವರದಾ ದಂಡೆಯ ಅಜ್ಜಿಯೊಬ್ಬಳು ಕತ್ತಲಲ್ಲಿ ಮಾಳಿಗೆಯ ಮೇಲೆ ಕೂತಿರುವಾಗ, ‘ಯವ್ವಾ, ಅಂಜಬ್ಯಾಡ, ಕೈ ಕೊಡು’ ಎನ್ನುವ ದನಿ ಬೇಕು. ದೂರದ ಊರಿನ ಯೋಧನಿಗೆ ಆ ಮಾತು ಬಾರದಿದ್ದರೆ ತಪ್ಪು ಅವನದಲ್ಲ.

ಈಗ ಎರಡೂ ಲೆಕ್ಕ ಕೂಡಿಸಿ ನೋಡಿ. ಒಂದು ಕಡೆ ನಾಲ್ಕು ವರ್ಷ ಶಿಸ್ತು ಕಲಿತು ಮನೆಗೆ ಬರುವ ಕನ್ನಡದ ಹುಡುಗರು. ಇನ್ನೊಂದು ಕಡೆ ಮಳೆಗಾಲ ಬಂದರೆ ದೆಹಲಿಯ ಕಡೆ ಮುಖ ಮಾಡುವ ನಮ್ಮ ತಾಲ್ಲೂಕುಗಳು. ಈ ಹುಡುಗರನ್ನೇ ಅಗ್ನಿಶಾಮಕ ದಳಕ್ಕೆ, ರಾಜ್ಯ ವಿಪತ್ತು ಪಡೆಗೆ, ಪೊಲೀಸ್ ಇಲಾಖೆಗೆ ಕಾಯಂ ಆಗಿ ತೆಗೆದುಕೊಂಡು, ಹೊಳೆದಂಡೆಯ ಪ್ರತಿ ತಾಲ್ಲೂಕಿಗೂ ಒಂದು ತಂಡ ಏಕೆ ಕಟ್ಟಬಾರದು? ಕೇಂದ್ರ ತನ್ನ ಪಡೆಗಳಲ್ಲಿ ಅವರಿಗೆ ಶೇಕಡಾ 10 ಮೀಸಲು ಎಂದು 2022ರಲ್ಲೇ ಹೇಳಿತು. ಅದು 75 ಜನರ ಹೊಟ್ಟೆ ತುಂಬಿಸುವ ಲೆಕ್ಕವಲ್ಲ. ಭೂಸೇನೆಯಲ್ಲಿ ಮೊದಲ ತಂಡದ ತರಬೇತಿ ಶುರುವಾದದ್ದು 2023ರ ಜನವರಿಯಲ್ಲಿ. ನಾಲ್ಕು ವರ್ಷ ಎಂದರೆ ಎಷ್ಟು ಎಂದು ಬೆರಳು ಮಡಚಿ ಎಣಿಸಬಹುದು.

ನಮ್ಮ ಬೇಡಿಕೆ ಇಷ್ಟು. ಒಂದು, ಸೈನ್ಯದ ಭರ್ತಿಯ ಪ್ರತಿ ಷರತ್ತೂ ಸರಳ ಕನ್ನಡದಲ್ಲಿ ಎಲ್ಲ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಇರಬೇಕು. ಎರಡು, ಎನ್‌ಡಿಎ ಪರೀಕ್ಷೆ ಕನ್ನಡದಲ್ಲಿ ಬೇಕು. ಮೂರು, ಮರಳಿ ಬರುವ ಅಗ್ನಿವೀರರಿಗೆ ರಾಜ್ಯದ ಕೆಲಸ ಭಾಷಣದಲ್ಲಲ್ಲ, ನೇಮಕಾತಿ ಆದೇಶದಲ್ಲಿ ಕಾಣಬೇಕು. ಲೋಕಸಭೆಗೆ ನಾವು ಕಳಿಸುವುದು 28 ಜನರನ್ನು. ಅವರು ಯಾವ ಪಕ್ಷದವರೇ ಆಗಲಿ, ಊರಿಗೆ ಬಂದಾಗ ಹಾರ ಹಾಕುವ ಮೊದಲು ಈ ಮೂರು ಪ್ರಶ್ನೆ ಕೇಳಿ.

ನಾನು ನನ್ನ ಪಾಲಿನ ಕೆಲಸ ಶುರು ಮಾಡಿದ್ದೇನೆ. ಅಗ್ನಿಪಥದ ಷರತ್ತುಗಳನ್ನು ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಛಾಪಿಸಿ ಪ್ರೆಸ್ಸಿನ ಬಾಗಿಲಲ್ಲಿ ಇಟ್ಟಿದ್ದೇನೆ, ಪುಕ್ಕಟೆ. ಮೊದಲ ಪ್ರತಿಯನ್ನು ಆ ಕಾಕಾನ ಮನೆಗೆ ನಾನೇ ಒಯ್ದು ಕೊಟ್ಟೆ. ನಿಧಾನಕ್ಕೆ ಅಕ್ಷರ ಕೂಡಿಸಿ ಪೂರ್ತಿ ಓದಿದರು. ಓದಿ ಮುಗಿಸಿ, ‘ಇದನ್ನ ಮೊದಲ ಕೊಟ್ಟಿದ್ರ ಎಮ್ಮಿ ಮಾರೂದೋ ಬ್ಯಾಡೋ ಅಂತ ವಿಚಾರ ಮಾಡ್ತಿದ್ನಲ್ಲೋ ತಮ್ಮಾ’ ಎಂದರು.

ಮಗನನ್ನು ಕಳಿಸುವುದಿಲ್ಲ ಎಂದು ಅವರು ಹೇಳಲಿಲ್ಲ. ಹುಡುಗ ಈಗಲೂ ನಸುಕಿನ ನಾಲ್ಕಕ್ಕೆ ಎದ್ದು ಸ್ಟೇಷನ್ ರಸ್ತೆಯಲ್ಲಿ ಓಡುತ್ತಾನೆ. ಓಡಲಿ. ಎಲ್ಲಿಗೆ ಓಡುತ್ತಿದ್ದಾನೆ ಎಂಬುದು ಅವನಪ್ಪನಿಗೆ ಕನ್ನಡದಲ್ಲಿ ಗೊತ್ತಿರಲಿ.